ಡ್ರೈಯರಿನಲ್ಲಿ ಸಿಕ್ಕ ಸ್ವಿಚ್ಚು

ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಪಡುವಣ ಬದಿಯ ಎನ್‌ಸ್ಲಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಅದರ ಹೊಗೆಗೊಳವೆಗಳು ಮಾತ್ರ ಇನ್ನೂ ನಿಂತಿವೆ. ವರ್ಲೀನ್ ಟಬ್ಸ್ ಹುಟ್ಟಿ ಬೆಳೆದದ್ದು ಆ ಕೊಳವೆಗಳ ಕಣ್ಣಳತೆಯಲ್ಲೇ. ಅಪ್ಪ ಕುಲುಮೆಯಲ್ಲಿ ದುಡಿದವನು. ಅವನ ಅಂಗಿಗೆ ಅಂಟಿದ ಕೆಂಪು ಧೂಳನ್ನು ಉಜ್ಜಿ ಉಜ್ಜಿ ಅಮ್ಮನ ಬೆರಳುಗಳು ಸೊಟ್ಟಗಾಗಿದ್ದವು. ಅದನ್ನು ನೋಡಿಯೇ ವರ್ಲೀನ್ ಚಿಕ್ಕವಳಿದ್ದಾಗ, "ನಾನಂತೂ ಜನ್ಮದಲ್ಲಿ ಇನ್ನೊಬ್ರ ಬಟ್ಟೆ ಮುಟ್ಟಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಳಂತೆ. ಆಮೇಲೆ ಅವಳು ಇಪ್ಪತ್ತು ಚಿಲ್ಲರೆ ವರ್ಷ ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಚಾದರ ಮಡಿಸಿದಳು. ಅಲ್ಲಿಂದ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಾಗದೆ ಪೆಟ್ರೋಲ್ ಬಂಕಿನ ಎದುರಿನ ಲಾಂಡ್ರಿಗೆ ಸೇರಿಕೊಂಡಳು.

ಅದು ಚಿಲ್ಲರೆ ಹಾಕಿ ತಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿ. ಗೋಡೆಗುಂಟ ವಾಷಿಂಗ್ ಮೆಷಿನ್ನುಗಳ ಸಾಲು, ಎದುರಿಗೆ ಡ್ರೈಯರುಗಳ ಸಾಲು, ನಡುವೆ ಮಡಿಸುವ ಉದ್ದನೆಯ ಮೇಜು. ಮಾಲೀಕ ಆಗೊಮ್ಮೆ ಈಗೊಮ್ಮೆ ಮುಖ ತೋರಿಸುತ್ತಿದ್ದ, ಉಳಿದದ್ದೆಲ್ಲ ವರ್ಲೀನಳದೇ ಕಾರುಬಾರು. ಬಾಗಿಲು ತೆಗೆಯುವುದು, ನೆಲ ಒರೆಸುವುದು, ಕೆಟ್ಟು ನಿಂತ ಮೆಷಿನ್ನಿಗೆ ಅಂಗೈಯಿಂದ ಎರಡೇಟು ಕೊಡುವುದು, ಶೂ ಹಾಕಿ ಡ್ರೈಯರು ಓಡಿಸುವವರನ್ನು ಗದರುವುದು. ಬಟ್ಟೆ ತಿರುಗುವಷ್ಟು ಹೊತ್ತು ಜನಕ್ಕೂ ಬೇರೆ ಕೆಲಸವಿರುತ್ತಿರಲಿಲ್ಲವಾದ್ದರಿಂದ ಅವರ ಸಂಸಾರದ ಕತೆಗಳೆಲ್ಲ ಅವಳ ಕಿವಿಗೆ ಬೀಳುತ್ತಿದ್ದವು. ಕೇಳಿಸಿಕೊಳ್ಳುತ್ತಿದ್ದಳು, ಇನ್ನೊಬ್ಬರಿಗೆ ದಾಟಿಸುತ್ತಿರಲಿಲ್ಲ. ಆ ಬಡಾವಣೆಯಲ್ಲಿ ಅವಳಿಗೆ ಬೆಲೆ ಬಂದದ್ದು ಅದರಿಂದಲೇ.

ಜೇಬಿನಲ್ಲಿ ಮರೆತ ಸಾಮಾನುಗಳಿಗೆಂದು ಅವಳು ಕಟ್ಟೆಯ ಮೇಲೆ ಒಂದು ನೀಲಿ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಳು. ಕೀಲಿಕೈ, ಗುಂಡಿ, ಒಂಟಿ ಕಿವಿಯೋಲೆ, ಒಮ್ಮೆ ಒಂದು ಚಿನ್ನದ ಹಲ್ಲು ಕೂಡ ಅದರಲ್ಲಿ ಬಿದ್ದಿತ್ತು. ಒಂದು ಜನವರಿಯ ದಿನ ಡ್ರೈಯರಿನ ನೂಲಿನ ಕಸ ಬಾಚುವಾಗ ಅವಳ ಬೆರಳಿಗೆ ಕಪ್ಪನೆಯ ಚೌಕದ ತುಂಡೊಂದು ಸಿಕ್ಕಿತು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಪರದೆಯ ಕಂಬಿಗೆ ಸಿಕ್ಕಿಸುವಂಥದ್ದೋ, ಮಕ್ಕಳ ಆಟಿಕೆಯದೋ ಇರಬೇಕು ಎಂದುಕೊಂಡು ಡಬ್ಬಿಗೆ ಹಾಕಿದಳು. ಯಾರೂ ಕೇಳಿಕೊಂಡು ಬರಲಿಲ್ಲ. ಒಂದು ಸಲ ಯಾರದೋ ಕಂಕುಳ ಕೂಸು ಡಬ್ಬಿ ಕೆದಕಿ ಅದನ್ನೇ ಬಾಯಿಗಿಟ್ಟುಕೊಂಡಿತ್ತು. ವರ್ಲೀನ್ ಅದರ ಬಾಯಿಂದ ತೆಗೆದು, ಸೆರಗಿನಂತೆ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಟವೆಲಿನಲ್ಲಿ ಒರೆಸಿ ಮತ್ತೆ ಡಬ್ಬಿಯಲ್ಲೇ ಇಟ್ಟಳು.

ಚಳಿ ಇನ್ನೂ ಬಿಟ್ಟಿರದ ಒಂದು ಶನಿವಾರದ ಸಂಜೆ ಎದುರಿನ ಬಂಕಿನಲ್ಲಿ ಗುಂಡು ಹಾರಿತು. ಗುಂಡಿನ ಸದ್ದು ವರ್ಲೀನಳಿಗೆ ಹೊಸದಲ್ಲ. ಒಂದು, ಎರಡು, ನಡುವೆ ಉಸಿರು, ಆಮೇಲೆ ಮೂರನೆಯದು. ಇದು ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಹಳೇ ಚಾದರಗಳನ್ನು ಅಂಚು ಹಿಡಿದು ಒಂದೇ ಎಳೆತಕ್ಕೆ ಹರಿಯುತ್ತಿದ್ದರಲ್ಲ, ಥೇಟ್ ಆ ಸದ್ದು. ಅವಳು ತಲೆಯೆತ್ತುವಷ್ಟರಲ್ಲಿ ಲಾಂಡ್ರಿಯ ಗಾಜು ಸುರಿದುಹೋಗಿತ್ತು, ಕಿಟಕಿಯ ಪಕ್ಕ ಕೂತು ಪತ್ರಿಕೆ ಓದುತ್ತಿದ್ದ ಲಾಂಜೋ ಬ್ಯಾಟಲ್ ಕುರ್ಚಿಯ ಸಮೇತ ನೆಲಕ್ಕೆ ಬಿದ್ದಿದ್ದ. ಲಾಂಜೋ ಅಂಚೆ ಹಂಚಿ ನಿವೃತ್ತನಾದ ಮುದುಕ, ಹೆಂಡತಿ ಸತ್ತ ಮೇಲೆ ವಾರಕ್ಕೆ ಎರಡು ಸಲ ಒಗೆಯಲು ಬಟ್ಟೆಯಿಲ್ಲದಿದ್ದರೂ ಲಾಂಡ್ರಿಗೆ ಬಂದು ಕೂರುವವನು. ಗುಂಡು ಸೊಂಟಕ್ಕೆ ತಗುಲಿತ್ತು. ವರ್ಲೀನ್ ಅವನನ್ನು ಮಡಿಸುವ ಮೇಜಿನ ಹಿಂದಕ್ಕೆ ಎಳೆದುಕೊಂಡು, ಯಾರದೋ ಬಿಸಿ ಟವೆಲುಗಳ ಗಂಟನ್ನೇ ಗಾಯಕ್ಕೆ ಒತ್ತಿ ಹಿಡಿದು ಕೂತಳು.

"ವರ್ಲೀನ್, ಅವು ಬಿಳೀ ಟವೆಲ್ಲು ಕಣೇ," ಅಂದ ಲಾಂಜೋ, ಹಲ್ಲು ಕಚ್ಚಿಕೊಂಡು. "ಅವ್ರು ಬೈತಾರೆ."

"ಬಾಯ್ಮುಚ್ಕೊಂಡು ಉಸಿರಾಡು."

ಬಂಕಿನಲ್ಲಿ ಜಗಳವಾಡಿದ್ದು ಇಬ್ಬರು, ಕಾರು ಹಿಂದಕ್ಕೆ ತೆಗೆಯುವ ಮಾತಿಗೆ. ಅವರಿಬ್ಬರಿಗೂ ಕೂದಲು ಕೊಂಕಿರಲಿಲ್ಲ. ಅವರಲ್ಲೊಬ್ಬ ತನ್ನ ಪಿಸ್ತೂಲಿನ ಬೆನ್ನಿಗೆ ಅದೇನೋ ಸಿಕ್ಕಿಸಿದ್ದನಂತೆ, ಕುದುರೆ ಒಮ್ಮೆ ಎಳೆದರೆ ಇದ್ದಬದ್ದ ಗುಂಡೆಲ್ಲ ತಾನೇ ಸುರಿದುಬಿಡುತ್ತದಂತೆ, ಹೊಡೆದವನ ಕೈಗೂ ಹಿಡಿತಕ್ಕೆ ಸಿಗುವುದಿಲ್ಲವಂತೆ. ಹುಡುಗರ ಬಾಯಲ್ಲಿ ಅದಕ್ಕೆ ಸ್ವಿಚ್ಚು ಎಂದು ಹೆಸರು. ವರ್ಲೀನ್ ಆ ಹೆಸರನ್ನು ಮೊದಲೂ ಕೇಳಿದ್ದಳು. ಪಿಸ್ತೂಲಿನಷ್ಟೇ ದೊಡ್ಡ ಯಾವುದೋ ಯಂತ್ರವಿರಬೇಕು ಎಂದುಕೊಂಡಿದ್ದಳು.

ಅದು ಎಷ್ಟು ದೊಡ್ಡದು ಎಂದು ಅವಳಿಗೆ ತಿಳಿದದ್ದು ವಸಂತ ಬಂದ ಮೇಲೆ, ಟೀವಿಯಲ್ಲಿ. ಲಾಂಡ್ರಿ ತುಂಬಿತ್ತು. ಊರುಗೋಲು ಹಿಡಿದು ಓಡಾಡುವಷ್ಟಾಗಿದ್ದ ಲಾಂಜೋ ಟೀವಿಯ ಕೆಳಗೇ ಕೂತಿದ್ದ. ರಾಜಧಾನಿ ಮಾಂಟ್‌ಗಾಮೆರಿಯಲ್ಲಿ ರಾಜ್ಯದ ಶಾಸನಸಭೆ ಕಾಯಿದೆ ಪಾಸು ಮಾಡಿತ್ತು. ಸ್ವಿಚ್ಚು ಇಟ್ಟುಕೊಳ್ಳುವುದು ದೇಶದ ಕಾಯಿದೆಯಲ್ಲಿ ಮೊದಲೇ ಅಪರಾಧವಾಗಿದ್ದರೂ ಇಲ್ಲಿಯ ಪೊಲೀಸರು ತಾವಾಗಿ ಮೊಕದ್ದಮೆ ಹಾಕುವಂತಿರಲಿಲ್ಲ. ಇನ್ನು ಅಕ್ಟೋಬರಿನಿಂದ ಅಲಬಾಮಾದಲ್ಲೂ ಅಪರಾಧ. ಅದನ್ನು ಹಾರಿಸಬೇಕಾಗಿಲ್ಲ, ಪಿಸ್ತೂಲಿಗೆ ಸಿಕ್ಕಿಸಬೇಕಾಗಿಯೂ ಇಲ್ಲ. ಬರಿದೇ ಹತ್ತಿರ ಇಟ್ಟುಕೊಂಡಿದ್ದರೆ ಸಾಕು, ಹತ್ತು ವರ್ಷದವರೆಗೂ ಜೈಲು. ಸೂಟು ತೊಟ್ಟ ಒಬ್ಬಾತ ಅದನ್ನು ಎರಡು ಬೆರಳುಗಳ ನಡುವೆ ಹಿಡಿದು ಕ್ಯಾಮೆರಾಗೆ ತೋರಿಸಿದ.

ಕಪ್ಪನೆಯ ಚೌಕದ ತುಂಡು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು.

"ಇಷ್ಟೇನಾ?" ಅಂದ ಲಾಂಜೋ. "ಇಷ್ಟಕ್ಕೇನಾ ನನ್ನ ಸೊಂಟದಲ್ಲಿ ಮೊಳೆ ಹೊಡೆದಿರೋದು?"

ವರ್ಲೀನ್ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದ ನೀಲಿ ಡಬ್ಬಿಯ ಮುಚ್ಚಳ ಹುಡುಕಿ, ಅವಸರವಿಲ್ಲದೆ ಮುಚ್ಚಿ, ಅದನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಸಾಮಾನು ಕೋಣೆಗೆ ಹೋದಳು. ಅಲ್ಲಿ ಸೋಪಿನ ಪುಡಿಯ ಮೂಟೆಯ ಮೇಲೆ ಕೂತುಬಿಟ್ಟಳು.

ಅವಳ ಹೆದರಿಕೆಗೆ ಹಿಂದಿನದೊಂದು ಕಾರಣವಿತ್ತು. ತಮ್ಮ ರೇಮಂಡ್ ಹರೆಯದಲ್ಲಿ ಸ್ನೇಹಿತನ ಕಾರು ಹತ್ತಿ ಎಲ್ಲಿಗೋ ಹೊರಟಿದ್ದ. ಪೊಲೀಸರು ತಡೆದಾಗ ಸೀಟಿನ ಕೆಳಗೆ ಒಂದು ಮಾದಕದ ಪೊಟ್ಟಣ ಸಿಕ್ಕಿತ್ತು. ನನ್ನದಲ್ಲ ಎಂದು ರೇಮಂಡ್ ಹೇಳಿದ, ಕೋರ್ಟಿನಲ್ಲೂ ಹೇಳಿದ, ಜೈಲಿನಿಂದ ಬರೆದ ಪ್ರತಿ ಕಾಗದದಲ್ಲೂ ಹೇಳಿದ. ಯೌವನವೆಲ್ಲ ಅಲ್ಲೇ ಕಳೆದು ಬಂದ. ಈಗ ಪಕ್ಕದ ಊರು ಬೆಸಮರಿನಲ್ಲಿ ಒಬ್ಬನೇ ಇದ್ದಾನೆ, ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ. ಕಾಯಿದೆಯ ಮುಂದೆ 'ನನ್ನದಲ್ಲ' ಎನ್ನುವ ಮಾತಿಗೆ ಎಷ್ಟು ತೂಕ ಎಂಬುದನ್ನು ವರ್ಲೀನ್ ಮನೆಯೊಳಗೇ ನೋಡಿದ್ದಳು.

ಆ ತುಂಡನ್ನು ಒಂಟಿ ಕಾಲುಚೀಲದಲ್ಲಿ ಸುತ್ತಿ, ಖಾಲಿ ಸೋಪಿನ ಪೆಟ್ಟಿಗೆಯಲ್ಲಿ ಹಾಕಿ ಮೇಲಿನ ಹಲಗೆಗೆ ಏರಿಸಿದಳು. ಹಳ್ಳಕ್ಕೆ ಎಸೆಯೋಣವೆಂದರೆ ನೀರು ಇಳಿದಾಗ ಅಲ್ಲಿ ಮಕ್ಕಳು ಆಡುತ್ತವೆ. ಸುತ್ತಿಗೆಯಿಂದ ಜಜ್ಜೋಣವೆಂದರೆ ಅದನ್ನು ಮತ್ತೆ ಮುಟ್ಟಬೇಕು. ಪೊಲೀಸರನ್ನು ಕರೆಯೋಣವೆಂದರೆ ರೇಮಂಡ್ ಕಣ್ಣ ಮುಂದೆ ಬರುತ್ತಿದ್ದ. ಹೀಗೆ ದಿನ ದೂಡುತ್ತಿರುವಾಗ ಕ್ವಿಂಟ್ರೆಲ್ ಬಂದ.

ಕ್ವಿಂಟ್ರೆಲ್ ಅವಳ ಗೆಳತಿ ಲವೇಡಾ ಮಿಮ್ಸ್‌ಳ ಮಗ. ಲವೇಡಾ ಮತ್ತು ವರ್ಲೀನ್ ಆಸ್ಪತ್ರೆಯಲ್ಲಿ ಒಂದೇ ಮೇಜಿನ ಆ ಬದಿ ಈ ಬದಿ ನಿಂತು ದುಡಿದವರು. ಚರ್ಚಿನಲ್ಲೂ ಒಂದೇ ಬೆಂಚು, ಹಾಡುವ ಮೇಳದಲ್ಲೂ ಅಕ್ಕಪಕ್ಕ. ಕ್ವಿಂಟ್ರೆಲ್‌ಗೆ ಇಪ್ಪತ್ತಾರು ದಾಟಿತ್ತು. ಟೈರ್ ಅಂಗಡಿಯಲ್ಲಿ ಕೆಲಸ, ಮನೆಯಲ್ಲಿ ಈಗಷ್ಟೇ ನಡೆಯಲು ಕಲಿತ ಮಗಳು. ಮಸಿ ಹತ್ತಿದ ಕೆಲಸದ ಬಟ್ಟೆಗಳನ್ನು ತಂದಾಗಲೆಲ್ಲ ಮುದುಕಿಯರ ಬುಟ್ಟಿ ಹೊತ್ತು ಕಾರಿನಲ್ಲಿ ಇಟ್ಟುಬರುವವನು. ಅಂದು ಬಟ್ಟೆಯನ್ನು ಮೆಷಿನ್ನಿಗೆ ಹಾಕಿ ಕಟ್ಟೆಯ ಹತ್ತಿರ ಬಂದು ನಿಂತ. ಕಟ್ಟೆಯ ಮೇಲೆ ಕಣ್ಣಾಡಿಸಿದ.

"ಮಿಸ್ ವರ್ಲೀನ್, ನಿಮ್ ಡಬ್ಬಿ ಎಲ್ಲೋಯ್ತು?"

"ಒಳಗಿಟ್ಟಿದೀನಿ. ಏನ್ ಕಳ್ಕೊಂಡೆ?"

"ಏನಿಲ್ಲ. ಸಣ್ಣದೊಂದು ಸಾಮಾನು."

"ಸಣ್ಣದು ಅಂದ್ರೆ ಗುಂಡೀನೋ, ಓಲೇನೋ?"

ಅವನು ಹೆಬ್ಬೆರಳು ತೋರುಬೆರಳಿನ ನಡುವೆ ಅಳತೆ ತೋರಿಸಿದ. ತೋರಿಸಿದವನೇ ಕೈಯನ್ನು ಜೇಬಿಗೆ ಹಾಕಿಕೊಂಡ.

ಯಾರದಾದರೂ ಇರಲಿ, ಇವನದು ಆಗದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಿದ್ದಳೆಂದು ಅವಳಿಗೆ ಆಗಲೇ ಗೊತ್ತಾದದ್ದು.

"ಚಳಿಗಾಲದಲ್ಲಿ ಕಳ್ಕೊಂಡಿದ್ದು ಈಗ ನೆನಪಾಯ್ತಾ? ಟೀವಿ ನೋಡಿ?"

ಕ್ವಿಂಟ್ರೆಲ್ ತಲೆ ತಗ್ಗಿಸಿದ. "ಅಮ್ಮಂಗೆ ಹೇಳ್ಬೇಡಿ."

"ನಿಮ್ಮಮ್ಮನ ವಿಷಯ ಆಮೇಲೆ. ನಿನಗ್ಯಾಕೋ ಬೇಕಿತ್ತು ಅದು? ಹೆಣ್ಣುಮಗು ಇರೋ ಮನೆ ನಿಂದು."

"ಮಗು ಇದೆ ಅಂತಾನೇ," ಎಂದ. ಮೆಷಿನ್ನಿನ ಸದ್ದಿನಲ್ಲಿ ಅವನ ದನಿ ಅವಳಿಗೆ ಮಾತ್ರ ಕೇಳುವಂತಿತ್ತು. "ಕೆಲಸದಿಂದ ಬರೋ ದಾರೀಲಿ ಯಾರೋ ನನ್ನನ್ನ ಎರಡು ಸಲ ಅಡ್ಡ ಹಾಕಿದ್ರು. ಅವ್ರ ಹತ್ರ ಅದು ಇತ್ತು. ಬರೀ ಪಿಸ್ತೂಲು ಇಟ್ಕೊಂಡು ನಾನೇನ್ ಮಾಡ್ಲಿ? ಅಂಗಡೀಲಿ ಒಬ್ಬ ಕೊಟ್ಟ, ಇಟ್ಕೊಂಡೆ."

"ಹಾಕಿ ಹೊಡೆದಿದ್ಯಾ?"

"ಒಂದ್ಸಲ. ಕಾಡಲ್ಲಿ, ಮರಕ್ಕೆ. ಮರಕ್ಕೆ ಒಂದೂ ಬೀಳ್ಲಿಲ್ಲ ಮಿಸ್ ವರ್ಲೀನ್. ಕೈ ತಾನಾಗೇ ಆಕಾಶಕ್ಕೆ ಹೋಯ್ತು, ಬಿಡಿಸ್ಕೊಳ್ಳೋಕೂ ಆಗ್ಲಿಲ್ಲ. ಪಕ್ಕದಲ್ಲಿ ಯಾರಾದ್ರೂ ಇದ್ದಿದ್ರೆ ಸತ್ತೇ ಹೋಗಿರೋರು. ಅವತ್ತೇ ತೆಗೆದು ಜೇಬಿಗೆ ಹಾಕ್ಕೊಂಡೆ, ಆಮೇಲೆ ಎಲ್ಲೋಯ್ತು ಅಂತ ಹುಡುಕ್ಲೂ ಇಲ್ಲ. ಹೋದ್ರೆ ಹೋಗ್ಲಿ ಅನ್ಸಿತ್ತು."

"ಮತ್ತೆ ಈಗ್ಯಾಕೆ ಬಂದೆ?"

"ಕೊಟ್ಟೋನು ವಾಪಸ್ ಕೇಳ್ತಿದಾನೆ. ಅಕ್ಟೋಬರ್ ಬರೋದ್ರೊಳಗೆ ಇರೋದನ್ನೆಲ್ಲ ಕೈ ದಾಟಿಸ್ಬೇಕಂತೆ."

ಕೈ ದಾಟಿಸುವುದು ಎಂದರೆ ಇನ್ನೊಂದು ಕೈ. ಅದು ಯಾರ ಕೈಯೋ. ವರ್ಲೀನಳ ಕಣ್ಣು ತಾನಾಗಿಯೇ ಹೊಸ ಗಾಜು ಹಾಕಿದ ಕಿಟಕಿಯ ಕಡೆ ಹೋಯಿತು. ಅಲ್ಲಿ ಲಾಂಜೋ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ.

"ನನ್ನ ಹತ್ರ ಅದಿಲ್ಲ," ಅಂದಳು.

ಕ್ವಿಂಟ್ರೆಲ್ ಅವಳ ಮುಖವನ್ನೇ ನೋಡಿದ. ಹುಟ್ಟಿದಾಗಿನಿಂದ ಬಲ್ಲ ಮುಖ, ಅದು ಸುಳ್ಳು ಹೇಳುತ್ತಿದೆಯೆಂದು ಅವನಿಗೆ ತಿಳಿಯಿತು. ತಿಳಿಯಿತು ಎಂದು ಅವಳಿಗೂ ತಿಳಿಯಿತು. ಅವನು ತಿರುಗುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಹೊರಟುಹೋದ. ಅವಳೇ ಆಮೇಲೆ ಅವನ್ನು ಒಣಗಿಸಿ, ಮಡಿಸಿ, ಹಲಗೆಯ ಮೇಲೆ ಇಟ್ಟಳು.

ಮರುದಿನ ಲಾಂಜೋ ಕಾಫಿ ಕುಡಿಯುತ್ತಿದ್ದಾಗ ಅವಳು ಅವನಿಗೆ ವಿಷಯ ಹೇಳಿದಳು. ಡ್ರೈಯರಿನಲ್ಲಿ ಏನು ಸಿಕ್ಕಿತು ಎಂಬುದನ್ನಷ್ಟೇ ಹೇಳಿದಳು, ಹುಡುಕಿಕೊಂಡು ಬಂದವರ ಹೆಸರನ್ನಲ್ಲ. ಲಾಂಜೋ ಹೆಸರು ಕೇಳಲೂ ಇಲ್ಲ. ಸ್ವಲ್ಪ ಹೊತ್ತು ತನ್ನ ಸೊಂಟವನ್ನು ನೀವಿಕೊಂಡ.

"ಠಾಣೆಗೆ ಕೊಟ್ಬಿಡು."

"ನಂದಲ್ಲ ಅಂದ್ರೆ ನಂಬ್ತಾರಾ?"

"ನಾನೂ ಬರ್ತೀನಿ. ಕುಂಟನ್ನ ಜತೇಲಿ ಕರ್ಕೊಂಡ್ಹೋದ್ರೆ ಕೂರೋಕೆ ಕುರ್ಚಿ ಆದ್ರೂ ಕೊಡ್ತಾರೆ. ಆದ್ರೆ ಮೊದ್ಲು ಫೋನ್ ಮಾಡು. ಅದನ್ನ ಕೈಚೀಲದಲ್ಲಿ ಇಟ್ಕೊಂಡು ನೀನಾಗೇ ಠಾಣೆ ಮೆಟ್ಲು ಹತ್ಬೇಡ."

ಫೋನು ಎತ್ತಿಕೊಂಡವಳು ರೆನಿಟಾ ಗುಡ್ಲೋ ಎಂಬ ಸಾರ್ಜೆಂಟು. ಪೂರ್ತಿ ಕೇಳಿಸಿಕೊಂಡು, ಅದನ್ನು ನೀವು ತರಬೇಡಿ, ನಾವೇ ಬರುತ್ತೇವೆ ಎಂದಳು. ವರ್ಲೀನಳಿಗೆ ಅದು ಇನ್ನೂ ಫಜೀತಿಯಾಯಿತು. ಪೊಲೀಸ್ ಕಾರು ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಎನ್‌ಸ್ಲಿಯಲ್ಲೆಲ್ಲ ಸುದ್ದಿ.

"ಬರೋದಾದ್ರೆ ಹಾಗೆ ಬರ್ಬೇಡಿ ಮೇಡಮ್. ಯೂನಿಫಾರಂ ಹಾಕ್ಬೇಡಿ, ಒಗೆಯೋಕೆ ಬಟ್ಟೆ ತಗೊಂಡು ಬನ್ನಿ."

"ಎಷ್ಟು ಬಟ್ಟೆ?" ಎಂದು ಕೇಳಿದಳು ಗುಡ್ಲೋ.

"ಒಂದು ಮೆಷಿನ್ ತುಂಬೋವಷ್ಟು. ಬಿಳೀದು ಬಣ್ಣದ್ದು ಬೆರೆಸ್ಕೊಂಡು ಬಂದ್ರೆ ಮಾತ್ರ ನಾನ್ ಸುಮ್ನಿರಲ್ಲ."

ಸಾರ್ಜೆಂಟು ನಿಜಕ್ಕೂ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಬಂದಳು. ಜೀನ್ಸು, ಹಳೆಯ ಫುಟ್‌ಬಾಲ್ ಅಂಗಿ, ತಲೆಗೆ ಕಟ್ಟಿದ ವಸ್ತ್ರ. ಮಕ್ಕಳ ಶಾಲೆಯ ಅಂಗಿಗಳನ್ನು ಮೆಷಿನ್ನಿಗೆ ತುಂಬಿ, ಚಿಲ್ಲರೆ ಹಾಕಿ, ಮಡಿಸುವ ಮೇಜಿಗೆ ಒರಗಿ ನಿಂತಳು. ವರ್ಲೀನ್ ಸೋಪಿನ ಪೆಟ್ಟಿಗೆಯನ್ನು ಅವಳ ಬುಟ್ಟಿಯೊಳಗೆ ಇಟ್ಟಳು. ಗುಡ್ಲೋ ಕೈಗವಸು ತೊಟ್ಟು ಪೆಟ್ಟಿಗೆಯೊಳಗೆ ಇಣುಕಿ, ಕಾಲುಚೀಲ ಬಿಡಿಸಿ ನೋಡಿ, ಮತ್ತೆ ಮುಚ್ಚಿದಳು.

"ಯಾವಾಗ ಸಿಕ್ತು?"

"ಜನವರೀಲಿ. ಏನು ಅಂತ ಗೊತ್ತಾಗಿದ್ದು ಟೀವೀಲಿ ನೋಡಿದ್ಮೇಲೆ. ಅಲ್ಲಿವರೆಗೂ ಈ ಕಟ್ಟೆ ಮೇಲೆ ಎಲ್ರ ಕಣ್ಣಿಗೂ ಬೀಳೋ ಹಾಗೇ ಇತ್ತು. ಒಂದು ಕೂಸು ಬಾಯಿಗೂ ಹಾಕ್ಕೊಂಡಿತ್ತು."

ಗುಡ್ಲೋ ಕಣ್ಣು ಮುಚ್ಚಿ ತೆರೆದಳು. "ಯಾರ ಬಟ್ಟೇಲಿತ್ತು?"

"ಅದೊಂದು ಡ್ರೈಯರಲ್ಲಿ ದಿನಕ್ಕೆ ಎಷ್ಟು ಮನೆ ಬಟ್ಟೆ ಸುತ್ತುತ್ತೆ ಅಂತ ನಿಮ್ಗೇ ಗೊತ್ತಲ್ಲ ಮೇಡಮ್. ನಿಜವಾಗ್ಲೂ ಅವತ್ತು ನಂಗೆ ಗೊತ್ತಾಗ್ಲಿಲ್ಲ."

"ಅವತ್ತು ಬಿಡಿ. ಆಮೇಲೆ ಯಾರಾದ್ರೂ ಹುಡುಕ್ಕೊಂಡು ಬಂದಿದ್ರಾ?"

ಮೆಷಿನ್ನು ನೀರು ಹೀರಿಕೊಳ್ಳುವ ಸದ್ದು ಮಾಡುತ್ತಿತ್ತು. ಆಚೆ ಕಿಟಕಿಯ ಹತ್ತಿರ ಲಾಂಜೋ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ, ಪುಟ ಮಾತ್ರ ತಿರುವುತ್ತಿರಲಿಲ್ಲ. ವರ್ಲೀನ್ ಚರ್ಚಿಗೆ ಹೋಗುವ ಹೆಂಗಸು. ಒಂದು ವಾರದಲ್ಲಿ ಎರಡನೆಯ ಸುಳ್ಳು ಹೇಳಲು ಅವಳ ನಾಲಗೆ ಏಳಲಿಲ್ಲ. ನಿಜ ಹೇಳೋಣವೆಂದರೆ ಮನಸ್ಸೇ ಒಪ್ಪಲಿಲ್ಲ.

"ಬಂದಿದ್ರೆ ನಿಮ್ಗೆ ಹೇಳ್ತೀನಿ ಅನ್ಕೊಂಡಿದೀರಾ?" ಅಂದಳು.

ಗುಡ್ಲೋ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇಲ್ಲ. ಹಾಗನ್ಕೊಂಡಿಲ್ಲ."

"ಕಳ್ಕೊಂಡವರು ಅದನ್ನ ಬೇಡ ಅಂತ ಬಿಟ್ಟಿದ್ರೆ?"

"ಅದನ್ನ ಅವ್ರ ಬಾಯಿಂದ ಕೇಳ್ಬೇಕಾಗಿತ್ತು. ಆ ಮೂಲೇಲಿರೋ ಕ್ಯಾಮೆರಾ ಎಷ್ಟು ದಿನದ ಚಿತ್ರ ಇಟ್ಕೊಳ್ಳುತ್ತೆ?"

"ಒಂದು ವಾರ."

"ಜನವರೀದು ಇರಲ್ಲ ಹಾಗಾದ್ರೆ," ಎಂದಳು ಗುಡ್ಲೋ. ಒಗೆದು ಮುಗಿದ ಮೇಲೆ ಬಟ್ಟೆಯನ್ನು ಡ್ರೈಯರಿಗೆ ಹಾಕಿದಳು. ಹೋಗುವ ಮುನ್ನ ಮತ್ತೊಂದೇ ಮಾತು ಹೇಳಿದ್ದು. "ಅಕ್ಟೋಬರ್ ಆದ್ಮೇಲೆ ಆಗಿದ್ರೆ ನನ್ ಕೆಲಸ ಇಷ್ಟು ಸಲೀಸಾಗಿರ್ತಿರ್ಲಿಲ್ಲ. ನಿಮ್ದೂ ಅಷ್ಟೇ."

ಅವಳು ಹೋದ ಮೇಲೆ ವರ್ಲೀನಳಿಗೆ ಹೊಳೆಯಿತು. ಕ್ವಿಂಟ್ರೆಲ್ ಬಂದು ಕಟ್ಟೆಯ ಮುಂದೆ ನಿಂತು ಬೆರಳಲ್ಲಿ ಅಳತೆ ತೋರಿಸಿದ್ದು ಆ ವಾರದೊಳಗೇ. ಕ್ಯಾಮೆರಾದಲ್ಲಿ ಅವನ ಮುಖ ಕುಳಿತಿತ್ತು. ಗುಡ್ಲೋಗೆ ಅದು ಹೊಳೆಯಲಿಲ್ಲವೋ, ಹೊಳೆದೂ ಕೇಳಲಿಲ್ಲವೋ, ವರ್ಲೀನಳಿಗೆ ಕೊನೆಗೂ ತಿಳಿಯಲಿಲ್ಲ.

ಮಡಿಸಿಟ್ಟ ಬಟ್ಟೆಗೆಂದು ಕ್ವಿಂಟ್ರೆಲ್ ಬಂದಾಗ ಅವಳೇ ಬಾಯಿಬಿಟ್ಟು ಹೇಳಿದಳು. "ಅದನ್ನ ಪೊಲೀಸ್ನೋರಿಗೆ ಕೊಟ್ಬಿಟ್ಟೆ. ನಿನ್ನ ಹೆಸರು ಎತ್ಲಿಲ್ಲ."

"ಕೊಟ್ಟೋನಿಗೆ ನಾನು ಏನಂತ ಹೇಳ್ಲಿ?"

"ಲಾಂಡ್ರಿ ಮುದುಕಿ ಕೊಟ್ಬಿಟ್ಲು ಅನ್ನು. ಸಿಟ್ಟಿದ್ರೆ ನನ್ನ ಹತ್ರಾನೇ ಬರ್ಲಿ."

"ನಿಮ್ಗೆ ಇದೆಲ್ಲ ಅರ್ಥ ಆಗಲ್ಲ ಮಿಸ್ ವರ್ಲೀನ್," ಎಂದು ಬಟ್ಟೆಯ ಗಂಟನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಹೋದ.

ಸ್ವಿಚ್ಚು ಕೇಳಿಕೊಂಡು ಯಾರೂ ಬರಲಿಲ್ಲ. ಆದರೆ ವಾರವೊಂದು ಕಳೆಯುವುದರೊಳಗೆ ಲವೇಡಾ ಬಂದಳು. ಬುಟ್ಟಿಯಿಲ್ಲ, ಬಟ್ಟೆಯಿಲ್ಲ. ಬಾಗಿಲಿನಿಂದಲೇ ಮಾತು ಶುರುಮಾಡುವವಳು ಅಂದು ಕಟ್ಟೆಯವರೆಗೂ ಸುಮ್ಮನೆ ನಡೆದು ಬಂದಳು.

"ನನ್ನ ಮಗನ ಕೈಯಾಡಿದ ವಸ್ತುನ ಪೊಲೀಸ್ನೋರಿಗೆ ಕೊಟ್ಟಿದೀಯಲ್ಲೇ, ವರ್ಲೀನ್."

"ಅದು ಡ್ರೈಯರಲ್ಲಿ ಬೆಂದು ಬಂದಿತ್ತು. ಯಾರ ಕೈಗುರುತೂ ಉಳಿದಿರಲ್ಲ."

"ನಿಂಗೆ ಅದು ಗೊತ್ತಾ? ಬಲ್ಲೋರನ್ನ ಕೇಳಿದ್ಯಾ?"

ಕೇಳಿರಲಿಲ್ಲ.

"ಕೊಡೋಕೆ ಮುಂಚೆ ನನ್ನ ಹತ್ರ ಬರ್ಬೇಕಿತ್ತು ನೀನು."

"ಅಮ್ಮಂಗೆ ಹೇಳ್ಬೇಡಿ ಅಂದ ಅವನು."

"ಅವನು ಮೂರು ವರ್ಷದವನಿದ್ದಾಗ್ಲೂ ಹಾಗೇ ಅಂತಿದ್ದ. ಆಗೆಲ್ಲ ನೀನು ಬಂದು ಹೇಳ್ತಿದ್ದೆ." ಲವೇಡಾ ಕಟ್ಟೆಯ ಮೇಲೆ ಅಂಗೈ ಊರಿದಳು. "ನಾಳೆ ನನ್ನ ಮನೆ ಬಾಗ್ಲು ತಟ್ಟಿದ್ರೆ ಆ ಕೂಸನ್ನ ಯಾರು ಸಾಕ್ತಾರೆ? ರೇಮಂಡ್ ಹೋದಾಗ ನಿಮ್ಮಮ್ಮನ ಜತೆ ಕೋರ್ಟಿಗೆ ಯಾರ್ ಬಂದಿದ್ರು, ನೆನಪಿದೆಯಾ?"

ನೆನಪಿತ್ತು. ವಿಚಾರಣೆ ನಡೆದಷ್ಟು ದಿನವೂ ಬಂದವಳು ಲವೇಡಾ ಒಬ್ಬಳೇ. ಲಾಂಜೋನ ಸೊಂಟದ ಮಾತು ಎತ್ತಬಹುದಿತ್ತು. ಎತ್ತಲಿಲ್ಲ.

ಆ ಭಾನುವಾರದಿಂದ ಲವೇಡಾ ಚರ್ಚಿನಲ್ಲಿ ಬೇರೆ ಬೆಂಚಿಗೆ ಹೋದಳು. ಹಾಡುವಾಗ ಅವಳ ದನಿ ಮೇಳದ ಆ ತುದಿಯಿಂದ ಬರುತ್ತಿತ್ತು. ವರ್ಲೀನ್ ಎಷ್ಟೋ ವರ್ಷಗಳಿಂದ ಆ ದನಿಗೆ ಒರಗಿಕೊಂಡೇ ಹಾಡಿದವಳಾದ್ದರಿಂದ ಅವಳ ಶ್ರುತಿ ಆಗಾಗ ತಪ್ಪಿತು. ಮೇಳ ನಡೆಸುವವರು ಎರಡು ಸಲ ತಿರುಗಿ ನೋಡಿದರು. ಬೇಸಿಗೆಯೆಲ್ಲ ಹೀಗೇ ಕಳೆಯಿತು. ಕ್ವಿಂಟ್ರೆಲ್ ಬಟ್ಟೆ ತೆಗೆದುಕೊಂಡು ಬೇರೆ ಕಡೆ ಹೋಗುತ್ತಿದ್ದನಂತೆ. ವರ್ಲೀನ್ ಮನೆಗೆ ಬಂದರೆ ಒಬ್ಬಳೇ ಸೊಪ್ಪು ಬೇಯಿಸಿಕೊಂಡು, ಜೋಳದ ರೊಟ್ಟಿ ಮುರಿದು ತಿಂದು ಮಲಗುವಳು. ಮಾಡಿದ್ದು ಸರಿ ಎಂದು ಒಂದು ದಿನ ಅನ್ನಿಸಿದರೆ, ಸರಿಯೇ ಇದ್ದರೂ ಮೊದಲು ಲವೇಡಾಳ ಮನೆಯ ಮೆಟ್ಟಿಲು ಹತ್ತಬೇಕಾಗಿತ್ತು ಎಂದು ಇನ್ನೊಂದು ದಿನ ಅನ್ನಿಸುವುದು.

ಅಕ್ಟೋಬರ್ ಬಂತು, ಕಾಯಿದೆ ಜಾರಿಯಾಯಿತು. ಬಡಾವಣೆಯ ಮುಖಂಡನೊಬ್ಬ ಚರ್ಚಿನ ಸಭಾಂಗಣದಲ್ಲಿ ಜನರನ್ನು ಸೇರಿಸಿದ. ಗುಂಡು ತಗುಲಿದವರು ವೇದಿಕೆಗೆ ಬಂದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಲಾಂಜೋನನ್ನು ಕರೆದ. ಲಾಂಜೋ ಸೂಟು ಹಾಕಿಕೊಂಡು ಹೋದ. ಅವನ ಜೀವ ಉಳಿಸಿದವರೂ ಇರಲಿ ಎಂದು ವರ್ಲೀನಳನ್ನೂ ಕರೆದರು. ಅವಳು ವೇದಿಕೆ ಹತ್ತಲು ಒಪ್ಪಲಿಲ್ಲ.

"ನಿಮ್ಗೆ ಈ ಕಾಯಿದೆ ಬೇಡ್ವಾ, ಮಿಸ್ ಟಬ್ಸ್?" ಎಂದು ಮುಖಂಡ ಕೇಳಿದ.

"ಬೇಕು. ಆದ್ರೆ ಅದರ ಪಕ್ಕ ನಿಂತು ನಗು ಅಂದ್ರೆ ನನ್ ಕೈಲಾಗಲ್ಲ," ಎಂದು ಅವಳು ಹಿಂದಿನ ಸಾಲಿನಲ್ಲೇ ಕೂತಳು.

ನವೆಂಬರಿನ ಒಂದು ಬೆಳಿಗ್ಗೆ ಅವಳು ಬಾಗಿಲು ತೆರೆಯುವಾಗ ಕ್ವಿಂಟ್ರೆಲ್ ಹೊರಗೆ ನಿಂತಿದ್ದ. ಕೈಯಲ್ಲಿ ಬಟ್ಟೆ ಇರಲಿಲ್ಲ. ಒಳಗೆ ಬಂದು ಮೊದಲು ಸಿಕ್ಕ ಕುರ್ಚಿಯಲ್ಲಿ ಕೂತ. ಅವಳು ಏನೂ ಕೇಳದೆ ಕಾಫಿ ಸುರಿದು ಕೊಟ್ಟಳು.

"ನಿನ್ನೆ ಕೆಲಸ ಮುಗಿಸ್ಕೊಂಡು ಬರ್ತಾ ಇದ್ವಿ," ಎಂದ. "ನಾನು, ನನ್ನ ಮುಂದಿನ ಕಾರಲ್ಲಿ ಟೆವಿನ್. ಅಂಗಡೀಲಿ ನನ್ ಜತೆ ಕೆಲಸ ಮಾಡೋನು. ರಸ್ತೇಲಿ ಪೊಲೀಸ್ನೋರು ಎಲ್ಲ ಕಾರೂ ನಿಲ್ಲಿಸ್ತಿದ್ರು. ಪಿಸ್ತೂಲಿದೆ ಅಂತ ನಾನೇ ಹೇಳ್ದೆ. ಬರೀ ಪಿಸ್ತೂಲು ಇಟ್ಕೊಳ್ಳೋದು ಇಲ್ಲಿ ತಪ್ಪಲ್ಲವಲ್ಲ. ಒಬ್ಬ ಅದನ್ನ ತಗೊಂಡು ತಿರುಗಿಸಿ ಹಿಂಭಾಗ ನೋಡ್ದ. ಹೆಬ್ಬೆರಳು ಇಟ್ಟು ಸವರಿ ನೋಡ್ದ, ಮಿಸ್ ವರ್ಲೀನ್. ಅಲ್ಲೇನೂ ಇರ್ಲಿಲ್ಲ. ವಾಪಸ್ ಕೊಟ್ಟು ಹೋಗು ಅಂದ."

"ಒಳ್ಳೇದಾಯ್ತಲ್ಲ ಮಗಾ."

"ಟೆವಿನ್ ಪಿಸ್ತೂಲಲ್ಲಿ ಇತ್ತು."

ವರ್ಲೀನ್ ಅವನ ಎದುರಿಗೆ ಕೂತಳು.

"ಅವನಿಗೂ ಅದೇ ಮನುಷ್ಯ ಕೊಟ್ಟಿದ್ದು. ಅವನೂ ಯಾರನ್ನೂ ಹೊಡೆದೋನಲ್ಲ. ನನ್ ಹಾಗೇ ಹೆದರ್ಕೊಂಡು ಇಟ್ಕೊಂಡಿದ್ದ. ಕೈಗೆ ಕೋಳ ಹಾಕೋವಾಗ ನನ್ ಕಡೆ ತಿರುಗಿ ನೋಡ್ದ. ಬೈದಿದ್ರೆ ಚೆನ್ನಾಗಿತ್ತು. ಸುಮ್ನೆ ನೋಡ್ದ." ಅವನು ಲೋಟವನ್ನು ಕೆಳಗಿಟ್ಟ. "ನಿಮ್ಮ ಡ್ರೈಯರಲ್ಲಿ ಬೀಳ್ದೇ ಇದ್ದಿದ್ರೆ ನನ್ನ ಕಾರಲ್ಲೇ ಇರ್ತಿತ್ತು ಅದು. ನಂಗೆ ಥ್ಯಾಂಕ್ಸ್ ಹೇಳೋಕೂ ಬಾಯಿ ಬರ್ತಿಲ್ಲ."

"ಬೇಡ ಬಿಡು. ಟೆವಿನ್‌ಗೆ ತಾಯಿ ಇದಾಳಾ?"

"ಇದಾರೆ. ಫೇರ್‌ಫೀಲ್ಡಲ್ಲಿ."

"ಫೋನ್ ನಂಬರ್ ತಂದ್ಕೊಡು. ಕೋರ್ಟಿಗೆ ಜತೇಲಿ ಹೋಗೋಕೆ ಯಾರಾದ್ರೂ ಬೇಕಾಗ್ತಾರೆ."

ಅವನು ತಲೆಯಾಡಿಸಿದ. ಕುರ್ಚಿಯಿಂದ ಏಳುತ್ತಾ, "ಪಿಸ್ತೂಲೂ ಬಿಟ್ಬಿಡ್ಲಾ?" ಎಂದು ಕೇಳಿದ.

ಬಿಡಬೇಡ ಅನ್ನಲು, ಬಿಡು ಅನ್ನಲು ಎರಡಕ್ಕೂ ವರ್ಲೀನಳ ಬಳಿ ಕಾರಣಗಳಿದ್ದವು. ಅವನನ್ನು ದಾರಿಯಲ್ಲಿ ಅಡ್ಡಗಟ್ಟಿದವರು ಇನ್ನೂ ಅದೇ ದಾರಿಯಲ್ಲೇ ಇದ್ದರು. "ಅದನ್ನ ನಿಮ್ಮಮ್ಮನ ಹತ್ರ ಕೂತು ಮಾತಾಡು," ಅಂದಳು. "ಈ ಸಲ ನೀನೇ ಹೇಳು, ಎಲ್ಲಾನೂ."

ಅವನು ಹೇಳಿರಬೇಕು. ಆ ಶುಕ್ರವಾರ ಲವೇಡಾಳ ಫೋನು ಬಂತು. ವರ್ಲೀನ್ ಎತ್ತಿದರೆ ಆ ಕಡೆಯಿಂದ ನಮಸ್ಕಾರವೂ ಇಲ್ಲ, ಬೈಗುಳವೂ ಇಲ್ಲ, ನೇರ ಮೇಳದ ನಿಲುವಂಗಿಯ ವಿಷಯ. ಹೊಸ ಬಟ್ಟೆ ತೊಳೆದರೆ ಬಣ್ಣ ಬಿಡುತ್ತದೆ, ಹೊಲಿದವಳಿಗೆ ಕಣ್ಣಿಲ್ಲ, ಪಾದ್ರಿಯ ಹೆಂಡತಿ ಆರಿಸಿದ್ದಂತೆ, ಅವಳಿಗಾದರೂ ಬುದ್ಧಿ ಬೇಡವೆ. ಅಲ್ಲಿಂದ ಮೊಮ್ಮಗಳ ಹಲ್ಲಿನ ವಿಷಯ. ಅಲ್ಲಿಂದ ತನ್ನ ಮಂಡಿನೋವು. ವರ್ಲೀನ್ ಒಲೆಯ ಮೇಲಿನ ಪಾತ್ರೆ ಇಳಿಸಿ, ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು, ಹೂಂಗುಟ್ಟುತ್ತಾ ಕೂತಳು.

"ಟೆವಿನ್ ಅಮ್ಮನ ಜತೆ ಕೋರ್ಟಿಗೆ ಹೋಗ್ತೀಯಂತೆ," ಎಂದಳು ಲವೇಡಾ ಕಡೆಗೆ.

"ಸೋಮವಾರ ಇದೆ. ಹೋಗ್ಬೇಕು."

"ನಿಂಗೆ ಬಸ್ಸಲ್ಲಿ ಹೋಗೋಕಾಗಲ್ಲ. ನಾನು ಕಾರು ತರ್ತೀನಿ."

"ತಗೊಂಡ್ ಬಾ," ಎಂದಳು ವರ್ಲೀನ್.